ಅಜ್ಜಿ ಹಾಕಿಕೊಂಡ ಅಗಳಿ

ಉಮರ್ಗಾ ಪೇಟೆಯಿಂದ ಮನೆಗೆ ಬಂದು ಬಾಗಿಲು ದೂಡಿದರೆ ತೆರೆಯಲೇ ಇಲ್ಲ. ಒಳಗಿನಿಂದ ಅಗಳಿ! ತೊಂಬತ್ಮೂರರ ಭೂಕಂಪದ ರಾತ್ರಿ ಬಾಗಿಲು ತೆರೆಯದೆ ಮನೆಯೊಳಗೇ ಸಿಕ್ಕಿಕೊಂಡಿದ್ದ ಅಜ್ಜಿ, ಆಮೇಲೆ ಸಾಸ್ತೂರಿನಲ್ಲಿ ಕಟ್ಟಿದ ಈ ಮನೆಯಲ್ಲಿ ಒಮ್ಮೆಯೂ ಅಗಳಿ ಹಾಕಿದವಳಲ್ಲ. ನಮಗೂ ಹಾಕಗೊಡುವುದಿಲ್ಲ. ಕೂಗಿದೆ, ಬಾಗಿಲು ಬಡಿದೆ. ಪಕ್ಕದ ಮನೆಯ ಕಾಕಾ ಹಾರೆ ಹಿಡಿದು ಓಡಿಬಂದರು.

"ಬಾಜೂಕ ಸರಿ, ಮುರದೇ ಬಿಡ್ತೀನಿ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಜ್ಜಿಯ ಕಿವಿಯಲ್ಲಿ ನನ್ನ ಇಯರ್‌ಫೋನ್, ಕೈಯಲ್ಲಿ ನಾನು ಚಾರ್ಜಿಗಿಟ್ಟು ಹೋಗಿದ್ದ ಫೋನ್! ನಾನು ದಿನಾ ಕೇಳುವ, ಮರಾಠಿಯಲ್ಲಿ ಹೇಳಿಕೊಡುವ ಸ್ಪ್ಯಾನಿಷ್ ಪಾಠ ಅದರಲ್ಲಿ ನಡೆದಿತ್ತು.

"ಸ್ಪ್ಯಾನಿಷ್‌ದಾಗ ಯಾವೆ ಅಂದ್ರ ಕೀಲಿಕೈ ಅಂತವ್ವಾ. ನಳಕ್ಕೂ ಯಾವೆ, ನಟ್ ಬಿಚ್ಚೋ ಪಾನಾಕ್ಕೂ ಯಾವೆ!"

"ಅಗಳಿ ಯಾಕ ಹಾಕಿದಿ ಅಜ್ಜಿ? ನನ್ನ ಜೀವಾನೇ ಹೋಗಿತ್ತು."

"ಮತ್ತ? ಮುದುಕಿಗೆ ಇದೇನ್ ಹುಚ್ಚು ಅಂತ ನೀವೆಲ್ಲಾ ನಗೂದಿಲ್ಲೇನು?"

ಭೂಕಂಪಕ್ಕಿಂತ ನಮ್ಮ ನಗುವಿಗೇ ಅವಳು ಹೆಚ್ಚು ಅಂಜಿದ್ದಳು. ಈಗ ನಾವಿಬ್ಬರೂ ಕೂಡಿಯೇ ಕಲಿಯುತ್ತೇವೆ, ಬಾಗಿಲು ಪೂರ್ತಿ ತೆರೆದಿಟ್ಟು. ಆದರೂ 'ಯಾವೆ' ಎಂದು ಕೇಳಿದೊಡನೆ ನನಗೆ ಮೊದಲು ನೆನಪಾಗುವುದು ಕೀಲಿಕೈಯಲ್ಲ, ಆ ತೆರೆಯದ ಬಾಗಿಲು.