ಬೋರಮ್ಮನ ಕಲ್ಲಿಗೆ ನಾನು ಬರೆದ ಚೀಟಿ

ಮಗಳು ಮೊಬೈಲಿನಲ್ಲಿ ಆರ್ಡರ್ ಮಾಡಿದ್ದ ಸ್ಫಟಿಕದ ಕಲ್ಲು ಮೊನ್ನೆ ಮನೆಗೆ ಬಂತು. ಮಖಮಲ್ಲಿನ ಚೀಲ, ಅದರೊಳಗೊಂದು ದಪ್ಪ ಕಾರ್ಡು. ಕಾರ್ಡಿನ ಮೇಲೆ ‘ಹಿಮಾಲಯದ ಮಡಿಲಿನಿಂದ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಅವಳು ಕಲ್ಲನ್ನು ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಾನು ಕಾರ್ಡನ್ನೇ ನೋಡುತ್ತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಯಾಕೆ ಅಂತೀರಾ? ಹೆಚ್ಚುಕಡಿಮೆ ಇದೇ ಮಾತನ್ನು ಹಿಂದೊಮ್ಮೆ ಚಳ್ಳಕೆರೆಯಲ್ಲಿ ಕೂತು ಬರೆದವನು ನಾನು.

ಆಗ ನಾನು ಬೋರ್ಡ್ ಬರೆಯುತ್ತಿದ್ದೆ. ಊರಿನ ಅರ್ಧ ಅಂಗಡಿಗಳ ಮೇಲೆ ನನ್ನ ಅಕ್ಷರವೇ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜಕ್ಕೂ ಇದ್ದದ್ದು ಹತ್ತೋ ಹದಿನೈದೋ. ಫ್ಲೆಕ್ಸ್ ಬಂದು ಅವೂ ಇಳಿಯುವ ಹೊತ್ತಿಗೆ ನನ್ನನ್ನು ಕರೆದು ಕೂರಿಸಿಕೊಂಡವರು ರಹಮತ್ ಸಾಬರು. ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವುದು ಅವರ ಹೊಟ್ಟೆಪಾಡು. ಕಲ್ಲು ಅವರ ಹುಚ್ಚು. ಮೊಳಕಾಲ್ಮೂರು ಕಡೆಯ ಹೊಲಗಳಲ್ಲಿ, ಗುಡ್ಡದ ತಪ್ಪಲಿನಲ್ಲಿ, ಮಳೆ ಬಿದ್ದ ಮೇಲೆ ಮಣ್ಣು ತೊಳೆದು ಹೊಳೆಯುವ ಕಲ್ಲುಗಳು ಕುರಿ ಕಾಯುವವರಿಗೆ, ಕಳೆ ತೆಗೆಯುವವರಿಗೆ ಸಿಗುತ್ತಿದ್ದವು. ಸಾಬರು ಅವನ್ನು ಕೊಂಡು, ಅಂಗಡಿಯ ಹಲಗೆಯ ಮೇಲೆ ಜೋಡಿಸಿ ಮಾರುತ್ತಿದ್ದರು. ಗುಡ್ಡ ಅಗೆದು ತಂದದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಪ್ರತಿ ಕಲ್ಲಿಗೂ ದಾರದಲ್ಲಿ ಒಂದು ಚೀಟಿ ಕಟ್ಟಬೇಕು. ಯಾರಿಗೆ ಸಿಕ್ಕಿತು, ಎಲ್ಲಿ ಸಿಕ್ಕಿತು, ಎಲ್ಲಿ ಮುಕ್ಕಾಗಿದೆ, ಎಲ್ಲಿ ಗೋಂದು ಹಾಕಿ ಅಂಟಿಸಿದೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಮುಕ್ಕನ್ನು ತಾನೇ ತೋರಿಸಿ ಮಾರುವ ವ್ಯಾಪಾರಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಕೇಳಿದರೆ, “ಕಲ್ಲು ಬಾಯಿ ಬಿಡಲ್ಲ ಭಾಯ್, ಅದ್ರ ಮಾತು ನಾವೇ ಆಡ್ಬೇಕು” ಅನ್ನುತ್ತಿದ್ದರು. ಅವರ ಕನ್ನಡ ಅಕ್ಷರ ಅವರಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಚೀಟಿ ಬರೆಯುವ ಕೆಲಸ ನನ್ನದಾಯಿತು.

ಒಂದು ಸಂತೆಯ ದಿನ ಮೊಳಕಾಲ್ಮೂರು ಬಳಿಯ ಸಿದ್ದಾಪುರದಿಂದ ಬೋರಮ್ಮ ಬಂದಳು. ಕೂಲಿಯ ಹೆಂಗಸು, ಐವತ್ತು ದಾಟಿರಬೇಕು. ಸೆರಗಿನಲ್ಲಿ ಮುಷ್ಟಿಗಾತ್ರದ ಕಲ್ಲು. ನೀರಿನ ಹಾಗೆ ತಿಳಿ, ಒಳಗೆ ಮಾತ್ರ ಹೊಗೆಯಂಥ ಒಂದು ಗೆರೆ. ಶೇಂಗಾ ಹೊಲದ ಬದುವಿನಲ್ಲಿ ಕಾಲಿಗೆ ತಗುಲಿ ಹೆಬ್ಬೆರಳಿನ ಉಗುರೇ ಎದ್ದುಹೋಗಿತ್ತಂತೆ. ನಾನು ಚೀಟಿ ಬರೆದು ಓದಿದೆ. ಅವಳು ಅದನ್ನು ಈಸಿಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಹೊಲ ನಮ್ದಲ್ಲ. ಮನೆ ಮೈದುನನ ಹೆಸ್ರಾಗೈತೆ. ನನ್ನ ಹೆಸ್ರು ಇರೋದು ಇದೊಂದ್ರ ಮ್ಯಾಲೇ ನೋಡ್ರಿ,” ಅಂದಳು. ಆಮೇಲೆ, “ಇದು ಎಲ್ಲಿಗೆ ಹೋಗ್ತೈತೋ ಅಲ್ಲಿಗೆ ನನ್ನ ಹೆಸ್ರೂ ಹೋಗ್ಲಿ ಸಾಬ್ರೇ. ನಾನಂತೂ ಬಳ್ಳಾರಿ ದಾಟಿಲ್ಲ. ಹೋದ್ ಮ್ಯಾಲೆ ಯಾವೂರಿಗೆ ಹೋತು ಅಂತ ಹೇಳ್ರಿ.”

ಮುಂದಿನ ವಾರ ಸಾಬರು ನೆಂಟರ ಮದುವೆಗೆ ಹೋದರು. ಅಂಗಡಿ ನನ್ನ ಕೈಗೆ ಬಂತು, ಬುದ್ಧಿಯೂ ಕೈಕೊಟ್ಟಿತು. ಬೆಳಿಗ್ಗೆ ಬಂದ ಗಂಡಹೆಂಡತಿ ಬೋರಮ್ಮನ ಕಲ್ಲನ್ನು ಆಸೆಯಿಂದ ಎತ್ತಿಕೊಂಡವರು ಚೀಟಿ ಓದಿ, “ಅಯ್ಯೋ, ಇಲ್ಲೇ ಹೊಲದಲ್ಲಿ ಸಿಕ್ಕಿದ್ದಾ?” ಎಂದು ಕೆಳಗಿಟ್ಟು ಹೋದರು. ವ್ಯಾಪಾರದಲ್ಲಿ ನಾನೂ ಏನೂ ಕಡಿಮೆಯಿಲ್ಲ ಎಂದು ಸಾಬರಿಗೆ ತೋರಿಸಬೇಕೆನ್ನಿಸಿತು. ಚೀಟಿ ಹರಿದೆ. ‘ಹಿಮಾಲಯದ ಸ್ಫಟಿಕ’ ಎಂದು ನೀಲಿ ಬಣ್ಣದಲ್ಲಿ, ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು, ಹೊಸದು ಬರೆದು ಕಟ್ಟಿದೆ. ಅಷ್ಟು ಚೆಂದದ ಅಕ್ಷರ ನನ್ನ ಕೈಯಿಂದ ಮತ್ತೆಂದೂ ಬರಲಿಲ್ಲ. ಮಧ್ಯಾಹ್ನ ಕಾರಿನಲ್ಲಿ ಹೋಗುತ್ತಿದ್ದ ಯಾರೋ ಇಳಿದು ಕೊಂಡುಹೋದರು. ಯಾವ ಊರು ಎಂದು ನಾನು ಕೇಳಲೂ ಇಲ್ಲ.

ಸಾಬರು ಬಂದಾಗ ಜಂಬದಿಂದ ಎಲ್ಲ ಹೇಳಿದೆ. ತಂತಿ ಸುತ್ತುತ್ತಿದ್ದ ಅವರ ಕೈ ನಿಂತಿತು.

“ಕಲ್ಲು ಹೋದ್ರೆ ಹೋಗ್ಲಿ ಭಾಯ್. ಆ ಹೆಂಗಸಿನ ಹೆಸ್ರು ಹರಿದು ಹಾಕಿದ್ಯಲ್ಲ. ಅವ್ಳಿಗೆ ನಾನು ಹೇಳಲ್ಲ, ನೀನೇ ಹೇಳು.”

ಸಂತೆಯ ದಿನ ಬೋರಮ್ಮ ಬಂದು ಕೇಳಿದ ಮೊದಲ ಮಾತೇ “ಎಲ್ಲಿಗೆ ಹೋತ್ರಿ?” ನಾನು ತಲೆ ತಗ್ಗಿಸಿಕೊಂಡು ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

“ಹಿಮಾಲಯದಾಗಿದ್ದಿದ್ದು ಶೇಂಗಾ ಹೊಲ್ದಾಗೆ ನನ್ನ ಕಾಲಿಗೆ ಯಾಕಪ್ಪಾ ತಗುಲ್ತು?” ಅಂದಳು, ಅಷ್ಟೆ. ತರಿಸಿದ ಟೀ ಕುಡಿಯದೆ ಹೋದಳು.

ಮತ್ತೆ ಕಲ್ಲು ತಂದಳು, ತರಲಿಲ್ಲವೆಂದಲ್ಲ. ಆದರೆ ನಾನು ಚೀಟಿ ಓದಿ ಹೇಳಿದ ಮೇಲೆ ಅದನ್ನು ತೆಗೆದುಕೊಂಡು ಹೋಗಿ ಸಾಬರ ಕೈಗೆ ಕೊಟ್ಟು, “ಸಾಬ್ರೇ, ನೀವೊಂದ್ಸಲ ಓದ್ರಿ” ಅನ್ನುತ್ತಿದ್ದಳು. ಅವರು ಕನ್ನಡಕ ಹುಡುಕಿ, ತಡವರಿಸುತ್ತಾ ಓದುವಷ್ಟು ಹೊತ್ತು ನಾನು ಕುಂಚ ತೊಳೆಯುವ ನೆಪ ಮಾಡುತ್ತಿದ್ದೆ. ಅವಳು ಬದುಕಿದ್ದಷ್ಟು ಕಾಲವೂ ಹೀಗೇ ನಡೆಯಿತು.

ಇದನ್ನೆಲ್ಲ ಕೇಳಿದ ಮಗಳು, ಕಲ್ಲು ಕಳಿಸಿದವರಿಗೆ ‘ಇದು ಯಾರಿಗೆ ಸಿಕ್ಕಿದ್ದು?’ ಎಂದು ಮೆಸೇಜ್ ಹಾಕಿದಳು. ಉತ್ತರವಾಗಿ ಕೈಮುಗಿದ ಚಿತ್ರವೊಂದೇ ಬಂತು. ಕಾರ್ಡಿನ ಹಿಂದೆ ‘ಯಾರಿಗೆ ಸಿಕ್ಕಿತೋ ಗೊತ್ತಿಲ್ಲ’ ಎಂದು ಅವಳೇ ಬರೆದಿಟ್ಟಳು. ನನಗೆ ಅದು ಸರಿಯೆನ್ನಿಸಿತು.

ನಾನು ಮಾರಿದ ಕಲ್ಲಿನ ವಿಷಯ ಹಾಗಲ್ಲ, ಅದು ಯಾರದೆಂದು ಗೊತ್ತು. ಈ ಬರಹ ಓದುತ್ತಿರುವ ನಿಮ್ಮ ಮನೆಯ ಷೋಕೇಸಿನಲ್ಲಿ, ಒಳಗೆ ಹೊಗೆಯ ಗೆರೆಯಿರುವ ಕಲ್ಲೊಂದು ನೀಲಿ ಅಕ್ಷರದ ಚೀಟಿ ಕಟ್ಟಿಕೊಂಡು ಕೂತಿದ್ದರೆ, ದಯವಿಟ್ಟು ಆ ಚೀಟಿ ಹರಿದುಹಾಕಿ. ‘ಸಿದ್ದಾಪುರದ ಬೋರಮ್ಮನಿಗೆ ಸಿಕ್ಕಿದ್ದು’ ಎಂದು ಬರೆದು ಕಟ್ಟಿ. ಅಕ್ಷರ ಚೆನ್ನಾಗಿರದಿದ್ದರೂ ಪರವಾಗಿಲ್ಲ.