ತುಳಿದು ನೋಡುವ ಕಾಲು

ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಒಬ್ಬನೇ ಅಳಿಯ. ಆದರೂ ಕೆಲಸದ ಜಾಗದಲ್ಲಿ ಗಾರೆಯವರು, ಬಣ್ಣದವರು, ಇಟ್ಟಿಗೆ ಹೊರುವವರು ಎಲ್ಲರೂ ಅವರನ್ನು ‘ಮಾವ’ ಎಂದೇ ಕರೆಯುತ್ತಿದ್ದರು. ಅಳಿಯ ಗಾರೆ ಕೆಲಸಕ್ಕೆ ಸೇರಿದ ದಿನ ಎಲ್ಲರೆದುರಿಗೆ ಹಾಗೆ ಕರೆದದ್ದೇ ನೆಪವಾಯಿತು. ಇಷ್ಟು ಜನ ಅಳಿಯಂದಿರನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಅವರು ಗೊಣಗುವಾಗಲೂ ಮೀಸೆಯ ಕೆಳಗೆ ನಗುವಿರುತ್ತಿತ್ತು.

ಮಾವನ ಕೆಲಸ ಸಾರ್ವೆ ಕಟ್ಟುವುದು. ಏಳುತ್ತಿರುವ ಕಟ್ಟಡದ ಮೈಗೆ ಉದ್ದನೆಯ ಗಳಗಳನ್ನು ನಿಲ್ಲಿಸಿ, ಅಡ್ಡಲಾಗಿ ಗಳ ಬಿಗಿದು, ಮೇಲೆ ಹಲಗೆ ಹಾಸಿ ಗಾರೆಯವರಿಗೆ ನಿಲ್ಲಲು ಜಾಗ ಮಾಡಿಕೊಡುವುದು. ಅಷ್ಟೂ ಭಾರ ನಿಂತಿರುವುದು ಹಗ್ಗದ ಗಂಟುಗಳ ಮೇಲೆ. ಗಂಟು ಹಾಕಲು ಜೊತೆಗಾರರಿದ್ದರು. ಆದರೆ ಕೊನೆಗೆ ಮಾವ ಒಬ್ಬರೇ ಹತ್ತಿ, ಗಳಗಳು ಕೂಡುವ ಕಡೆಯಲ್ಲೆಲ್ಲ ನಿಂತು, ಎಡಗಾಲಿನ ಹಿಮ್ಮಡಿಯಿಂದ ತುಳಿದು ನೋಡುತ್ತಿದ್ದರು. ತುಳಿದು, ತುಸು ತಡೆದು, ತಲೆ ಓರೆ ಮಾಡಿ, ಮುಂದಿನ ಗಂಟಿಗೆ ಹೋಗುತ್ತಿದ್ದರು. ಎಲ್ಲಾದರೂ ಒಂದು ಕಡೆ ‘ಇದನ್ನ ಬಿಚ್ಚಿ ಕಟ್ಟಿ’ ಎನ್ನದೆ ಅವರು ಇಳಿದದ್ದಿಲ್ಲ. ಕಟ್ಟಿದವರು ಒಳಗೊಳಗೇ ಬೈದುಕೊಂಡು ಮತ್ತೆ ಕಟ್ಟುತ್ತಿದ್ದರು. ಇಳಿದು ಬಂದು, ಕೈ ಒರೆಸಿಕೊಂಡು ಅವರು ‘ಹತ್ತಿ’ ಅಂದರೆ ಉಳಿದವರು ಹತ್ತುತ್ತಿದ್ದರು. ಅದಕ್ಕೆ ಮೊದಲು ಧಣಿ ಎಷ್ಟು ಕೂಗಾಡಿದರೂ ಒಬ್ಬರೂ ಕಾಲಿಡುತ್ತಿರಲಿಲ್ಲ.

ಅದೇ ಎಡಗಾಲಿನ ಮಂಡಿ ಹಾಳಾಗುತ್ತ ಬಂದದ್ದು. ಮೊದಮೊದಲು ಏಣಿ ಇಳಿಯುವಾಗ ಒಂದು ಚಳಕು, ಅಷ್ಟೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂರುವುದು ಆಗದಾಯಿತು. ಮಂಡಿಯನ್ನು ಕಾಪಾಡಲು ಹೆಜ್ಜೆ ವಾರೆಯಾಗಿ ಇಟ್ಟು ಇಟ್ಟು ಕಣಕಾಲು ಊದಿಕೊಂಡಿತು. ಭಾರವೆಲ್ಲ ಬಲಗಾಲಿಗೆ ಬಿದ್ದು ಆ ಕಡೆಯ ಸೊಂಟದ ಕೀಲೂ ಬೆಳಿಗ್ಗೆ ಏಳುವಾಗ ಹಿಡಿದುಕೊಳ್ಳತೊಡಗಿತು. ಬೀದಿಯ ತಿರುವಿನಲ್ಲಿ ಕಾಲೆಳೆಯುವ ಸದ್ದು ಕೇಳಿದರೆ ಅವರ ಹೆಂಡತಿ ಒಲೆಯ ಮೇಲೆ ನೀರಿಡುತ್ತಿದ್ದರು. ಬಟ್ಟೆ ಅದ್ದಿ ಶಾಖ ಕೊಡುತ್ತಿದ್ದರು. ಆಗೆಲ್ಲ ಮನಸ್ಸಿನಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ ಎಂದು ಆಮೇಲೆ ಹೇಳಿದರು.

ಕೊನೆಗೆ ಅವರೇ ಹಟ ಹಿಡಿದು ಗಂಡನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಡಿಮೆ ಮಾತಿನ ಹೆಂಗಸು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಂಡಿಯ ಮೆತ್ತೆಯೆಲ್ಲ ಸವೆದು ಮೂಳೆಗೆ ಮೂಳೆ ಉಜ್ಜುತ್ತಿರುವುದನ್ನು ತೋರಿಸಿದರು. ಕಣಕಾಲು, ಸೊಂಟ ಸದ್ಯ ವ್ಯಾಯಾಮಕ್ಕೆ, ಪಟ್ಟಿಗೆ, ಊರುಗೋಲಿಗೆ ಬಗ್ಗುತ್ತವೆ. ಮಂಡಿ ಮಾತ್ರ ಬದಲಾಯಿಸುವ ಹಂತಕ್ಕೆ ಬಂದಿದೆ ಎಂದರು. ಬದಲಾಯಿಸಿದ ಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಸಾರ್ವೆ ಮಾತ್ರ ಬಿಡಬೇಕು.

ಸಾರ್ವೆ ಬಿಡಬೇಕು ಎಂದದ್ದೇ ಮಾವನ ಮುಖ ಗೋಡೆಯಂತಾಯಿತು. ಬೇರೆ ದಾರಿ ಇಲ್ಲವೇ ಎಂದು ಕೇಳಿದರು. ಮಂಡಿಯೊಳಗೆ ಕೊಡುವ ಒಂದು ಇಂಜೆಕ್ಷನ್ ಇದೆ, ಸ್ವಲ್ಪ ಕಾಲ ಆರಾಮ ಕೊಡಬಹುದು ಎಂದರು ಡಾಕ್ಟರು. ಸೂಜಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ನಿಧಾನವಾಗಿ ಇನ್ನೊಂದು ಮಾತು ಹೇಳಿದರು.

“ಇದು ನೋವಿಗೆ ಮಾತ್ರ. ಸವೆದದ್ದು ಸವೆದೇ ಇರುತ್ತೆ. ನೋವಿಲ್ಲ ಅಂತ ಆ ಕಾಲಿನ ಮೇಲೆ ಭಾರ ಹಾಕ್ಬೇಡಿ.”

ಮಾವ ತಲೆಯಾಡಿಸಿದರು. ತಲೆಯಾಡಿಸಿದ ರೀತಿ ನೋಡಿಯೇ ಇವರು ಕೇಳುವವರಲ್ಲ ಎಂದು ಹೆಂಡತಿಗೆ ಗೊತ್ತಾಯಿತು.

ಇಂಜೆಕ್ಷನ್ ಕೆಲಸ ಮಾಡಿತು. ಅಷ್ಟು ಗುಣವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕೆಲವು ದಿನಗಳಲ್ಲೇ ಮಾವ ಹಿತ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಗ್ಗ ಸುತ್ತುತ್ತಿದ್ದರು. ಚಹಾ ಅಂಗಡಿಯಲ್ಲಿ ಗಾರೆಯವನೊಬ್ಬ, ಮಾವನಿಗೆ ಈಗ ಇನ್ನೊಂದು ಮದುವೆ ಮಾಡಬಹುದು ಎಂದು ಕಾಲೆಳೆದ. ಇರೋ ಅಳಿಯಂದಿರೇ ಸಾಕಪ್ಪ ಎಂದು ಇವರು ತಿರುಗೇಟು ಕೊಟ್ಟರು. ಅಂಗಡಿಯೇ ನಕ್ಕಿತು.

ಮನೆಯಲ್ಲಿ ಹೆಂಡತಿ ನಗಲಿಲ್ಲ. ಬೀದಿಯ ತಿರುವಿನಲ್ಲಿ ಈಗ ಸದ್ದೇ ಇರುತ್ತಿರಲಿಲ್ಲ. ಗಂಡ ಬಾಗಿಲಲ್ಲಿ ಬಂದು ನಿಂತಾಗಲೇ ಗೊತ್ತಾಗುತ್ತಿತ್ತು. ಪ್ರತಿ ಸಲವೂ ಅವರು ಬೆಚ್ಚುತ್ತಿದ್ದರು. ಇಷ್ಟು ವರ್ಷ ಮನೆಯಲ್ಲೇ ಇದ್ದ ನೋವು ಒಂದು ಮಾತೂ ಹೇಳದೆ ಎದ್ದು ಎಲ್ಲಿಗೆ ಹೋಯಿತು ಎಂದು ಅವರಿಗೆ ಅನಿಸುತ್ತಿತ್ತು. ಡಾಕ್ಟರು ಹೇಳಿದ್ದನ್ನು ನೆನಪಿಸಿದರೆ ಗಂಡ, “ಕಾಲು ನಂದು ಕಣೇ. ನಂಗೆ ಗೊತ್ತಾಗಲ್ವ?” ಎನ್ನುತ್ತಿದ್ದರು.

ಮೊದಲು ಸಣ್ಣ ಬೀದಿಯೊಂದರ ಎರಡಂತಸ್ತಿನ ಮನೆಗೆ ಸಾರ್ವೆ ಕಟ್ಟಿ ಬಣ್ಣದವರಿಗೆ ಒಪ್ಪಿಸಿದರು. ಆಮೇಲೆ ದೊಡ್ಡ ಗೋದಾಮೊಂದರ ಹಿಂಗೋಡೆಗೆ ಹೋದರು. ಅದು ಎತ್ತರದ ಗೋಡೆ, ಕೆಳಗೆ ಕಲ್ಲುಹಾಸು. ಗಾರೆ ಮಾಡಬೇಕಾದವರು ಅಳಿಯ ಮತ್ತವನ ಗುಂಪು. ಕಟ್ಟಿ ಮುಗಿಸಿದ ಸಂಜೆ ಮಾವ ತುಳಿದು ನೋಡಿ ಇಳಿದು, ‘ನಾಳೆ ಹತ್ತಿ’ ಎಂದಿದ್ದರು.

ಮರುದಿನ ಬೆಳಿಗ್ಗೆ ಅಳಿಯ ಬುತ್ತಿ ತೆಗೆದುಕೊಂಡು ಹೋಗಲು ಬಂದ. ಮಾವ ಇನ್ನೂ ಸ್ನಾನದಲ್ಲಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಖುಷಿಯಿಂದ ಹೇಳಿದ.

“ಮಾವ ಈಗ ತುಂಬ ಮೆತ್ತಗಾಗಿದ್ದಾರೆ ಅತ್ತೆ. ಈ ಸಲ ಒಂದು ಗಂಟನ್ನೂ ಬಿಚ್ಚಿಸಲಿಲ್ಲ. ಆ ಎರಡಂತಸ್ತಿನ ಮನೇಲೂ ಅಷ್ಟೇ.”

ಅವನು ಬುತ್ತಿ ಹಿಡಿದು ಹೊರಟುಹೋದ. ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಗಂಡ ತಲೆ ಒರೆಸಿಕೊಳ್ಳುತ್ತ ಬಂದಾಗ ಅವರು ಮೆಲ್ಲಗೆ ಕೇಳಿದರು.

“ಗಂಟು ಸಡಿಲ ಇದೆ ಅಂತ ನಿಮಗೆ ಹೇಗ್ರೀ ಗೊತ್ತಾಗೋದು?”

“ತುಳಿದ್ರೆ ಗೊತ್ತಾಗುತ್ತೆ.”

“ತುಳಿದ್ರೆ ಏನಾಗುತ್ತೆ?”

ಎಷ್ಟೋ ವರ್ಷಗಳಿಂದ ಮಾಡಿದ್ದನ್ನು ಹೇಗೆ ಮಾಡುತ್ತೇನೆ ಎಂದು ಮಾವ ಯೋಚಿಸಿದ್ದೇ ಇರಲಿಲ್ಲ. ಯೌವನದಲ್ಲಿ ಪ್ರತಿ ಗಂಟಿನ ಮುಂದೆ ಕೂತು ಕೈಯಿಂದ ಜಗ್ಗಿ ನೋಡುತ್ತಿದ್ದರು. ಕೂರಲು ಆಗದಾದ ಮೇಲೆ ತುಳಿಯುವ ಅಭ್ಯಾಸವಾಯಿತು. ಗಂಟು ಬಿಗಿ ಇದ್ದರೆ ಕಾಲು ಸುಮ್ಮನಿರುತ್ತಿತ್ತು. ಗಂಟು ಕೂದಲೆಳೆಯಷ್ಟು ಜಾರಿದರೂ ಗಳ ತುಸು ತಗ್ಗುತ್ತಿತ್ತು. ಆಗ ಮಂಡಿಯೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ‘ಬಿಚ್ಚಿ ಕಟ್ಟಿ’ ಎನ್ನುತ್ತಿದ್ದುದು ಆಗಲೇ.

ಮೈಗೆ ಅಂಗಿ ಸಿಕ್ಕಿಸಿಕೊಳ್ಳುತ್ತಲೇ ಮಾವ ಬೀದಿಗೆ ಇಳಿದರು. ಇಂಜೆಕ್ಷನ್ನಿನ ದೆಸೆಯಿಂದ ಓಡಲೂ ಆಯಿತು. ಅದೂ ಒಂದು ವಿಪರ್ಯಾಸ.

ಗೋದಾಮಿನ ಹಿಂದೆ ಹೋಗುವಷ್ಟರಲ್ಲಿ ಗುಂಪು ಮೇಲೇರಿ ಗಾರೆ ಕಲಸಿದ ಬಾಣಲಿಗಳನ್ನೂ ಎಳೆದುಕೊಂಡಿತ್ತು. ಅಳಿಯ ಎಲ್ಲಕ್ಕಿಂತ ಮೇಲಿನ ಹಲಗೆಯ ಮೂಲೆಯಲ್ಲಿದ್ದ. ಕೂಗಿದರೆ ಎಲ್ಲರೂ ಒಂದೇ ಕಡೆ ಬಗ್ಗಿ ನೋಡುತ್ತಾರೆಂಬ ಭಯಕ್ಕೆ ಮಾವ ಕೂಗಲಿಲ್ಲ. ಗೋಡೆಯ ಬುಡದಲ್ಲಿ ನಿಂತು, ಎಂದಿನ ದನಿಯಲ್ಲಿ, ಒಬ್ಬೊಬ್ಬರಾಗಿ ಇಳಿದು ಬನ್ನಿ ಎಂದರು. ನಾವೇನು ತಪ್ಪು ಮಾಡಿದೆವು ಮಾವ, ಮಗಳನ್ನು ವಾಪಸು ಕರೆದುಕೊಳ್ಳುತ್ತೀರಾ ಎಂದು ಯಾರೋ ಮೇಲಿನಿಂದ ತಮಾಷೆ ಮಾಡಿದ. ಕೆಳಗಿದ್ದ ಮುಖ ನೋಡಿದ ಮೇಲೆ ಒಬ್ಬೊಬ್ಬರಾಗಿ ಏಣಿ ಹಿಡಿದರು. ಅಳಿಯ ಕೊನೆಯವನಾಗಿ ನೆಲಕ್ಕೆ ಕಾಲಿಡುವವರೆಗೆ ಮಾವ ಗೋಡೆಯ ಬುಡ ಬಿಟ್ಟು ಸರಿಯಲಿಲ್ಲ.

ಆಮೇಲೆ ಅವರೇ ಹತ್ತಿದರು. ಅಳಿಯ ತಾನು ಹೋಗುತ್ತೇನೆಂದರೂ ಕೇಳಲಿಲ್ಲ. ಪ್ರತಿ ಗಂಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈಯಿಂದ ಜಗ್ಗಿ, ಎದ್ದು, ಮತ್ತೆ ಕೂತು ಹೋದರು. ಕೆಳಗಿದ್ದವರು ಕತ್ತೆತ್ತಿ ನೋಡುತ್ತಿದ್ದರು. ಮೇಲಿನ ಹಲಗೆಯ ಮೂಲೆಯಲ್ಲಿ, ಅಳಿಯ ನಿಂತಿದ್ದ ಜಾಗದ ಅಡಿಯಲ್ಲೇ, ಒಂದು ಗಂಟು ಅವರ ಕೈಗೆ ಜಡೆ ಬಿಚ್ಚಿದಂತೆ ಬಿಚ್ಚಿಕೊಂಡು ಬಂತು. ಹಗ್ಗದ ತುದಿ ಹಿಡಿದುಕೊಂಡೇ ಏಳಲು ಹೋದರು. ಮಂಡಿ ಏಳಲಿಲ್ಲ. ಒಳಗೆ ಒಣಗಿದ ಕಡ್ಡಿ ಮುರಿದಂಥ ಸದ್ದು ತಮಗೆ ಕೇಳಿಸಿತು ಎಂದು ಅವರು ಆಮೇಲೆ ಹೇಳಿದರು. ನೋವು ಬಂದದ್ದು ತಡವಾಗಿ. ಪಕ್ಕದ ಗಳವನ್ನು ತಬ್ಬಿಕೊಂಡು ಕೂತಿದ್ದವರನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದವನು ಅಳಿಯ.

ಸವೆದ ಮೂಳೆಯ ಅಂಚು ಕುಸಿದಿದೆ, ಇನ್ನು ಇಂಜೆಕ್ಷನ್ನಿನ ಮಾತಿಲ್ಲ, ಮಂಡಿ ಬದಲಾಯಿಸಲೇಬೇಕು ಎಂದರು ಡಾಕ್ಟರು. ಬೈಯಲಿಲ್ಲ. ಮಾವನೂ ಸಾರ್ವೆಯ ಮಾತು ಎತ್ತಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಕಾಲು ಚಾಚಿ ಮಲಗಿ ಮೇಲ್ಛಾವಣಿ ನೋಡುತ್ತಿದ್ದರು. ಒಮ್ಮೆಲೇ ತಲೆ ಎತ್ತಿದರು.

“ಆ ಎರಡಂತಸ್ತಿನ ಮನೆ.”

ಅಳಿಯನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಸಂಜೆ ಹೋಗಿ ನೋಡಿ ಬರುತ್ತೇನೆ ಎಂದ.

“ಸಂಜೆ ಅಲ್ಲಪ್ಪ. ಈಗ. ಅಲ್ಲಿರೋರು ನನ್ನ ಮಾತು ನಂಬ್ಕೊಂಡು ಮೇಲಿದ್ದಾರೆ.”

ಅವನು ಹೋದ. ಗಂಡ ಹೆಂಡತಿ ಇಬ್ಬರೇ ಉಳಿದರು. ಬಾಗಿಲ ಆಚೆ ಯಾವುದಾದರೂ ಗಾಡಿ ತಳ್ಳಿಕೊಂಡು ಬರುವ ಸದ್ದಾದಾಗಲೆಲ್ಲ ಮಾವ ಆ ಕಡೆ ತಿರುಗಿ, ಯಾರನ್ನು ಹೊತ್ತು ತಂದರು ಎಂದು ಕೇಳುತ್ತಿದ್ದರು. ಹೆಂಡತಿ ಪ್ರತಿ ಸಲವೂ ಎದ್ದು ನೋಡಿ ಬಂದು, ಬಣ್ಣದವರಲ್ಲ, ಬೇರೆ ಯಾರೋ ಎನ್ನುತ್ತಿದ್ದರು. ಆಪರೇಷನ್ನಿಗೆ ಸಿದ್ಧಮಾಡಲು ನರ್ಸ್ ಬಂದರೆ, ಅಳಿಯ ಬರುವವರೆಗೆ ತಾನು ಕದಲುವುದಿಲ್ಲ ಎಂದು ಮಾವ ಮಂಚದ ಸರಳು ಹಿಡಿದುಕೊಂಡರು.

ಅಳಿಯ ಬಂದಾಗ ಅವನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಆ ಮನೆಯ ಬೀದಿ ಕಡೆಯ ಮೂಲೆಯಲ್ಲಿ ಅಡ್ಡ ಕಟ್ಟಿದ ಗಳ ಒಂದು ಗೇಣು ಕೆಳಗೆ ಜಾರಿ ಕೂತಿತ್ತು. ಹಲಗೆ ವಾಲಿರುವುದನ್ನು ಬಣ್ಣದವರು ಗಮನಿಸಿದ್ದರು. ಆದರೆ ಮಾವ ತುಳಿದು ನೋಡಿದ ಸಾರ್ವೆ, ವಾಲಿದರೂ ಬೀಳುವುದಿಲ್ಲ ಎಂದುಕೊಂಡಿದ್ದರು. ಇವನು ಹೋದಾಗ ಅವರೆಲ್ಲ ಅದೇ ಹಲಗೆಯ ಮೇಲೆ ಸಾಲಾಗಿ ಕೂತು ಕಾಲು ಇಳಿಬಿಟ್ಟುಕೊಂಡು ಬುತ್ತಿ ಉಣ್ಣುತ್ತಿದ್ದರು.

“ಇಳಿದ್ರಾ?”

“ಇಳಿದ್ರು ಮಾವ. ಎಲ್ಲರೂ.”

ಇಷ್ಟು ದಿನ ಆ ಹಲಗೆಯನ್ನು ಹಿಡಿದು ನಿಲ್ಲಿಸಿದ್ದು ಯಾರು ಎಂದು ಹೆಂಡತಿ ಯಾರನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದರು. ಮಾವ ಮಂಚದ ಸರಳು ಬಿಟ್ಟರು. ಇನ್ನು ಮುಂದೆ ಯಾರೂ ತುಳಿದು ನೋಡುವುದು ಬೇಡ, ಕೂತು ಕೈಯಿಂದ ಜಗ್ಗಿ ನೋಡಿ ಎಂದು ಎಲ್ಲರಿಗೂ ಹೇಳು ಎಂದರು. ಅಳಿಯ ಆಗಲಿ ಎಂದ. ‘ಹತ್ತಿ’ ಎನ್ನುವವರು ಇನ್ನು ಯಾರು ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನರ್ಸ್ ಮಂಚ ತಳ್ಳಿದಾಗ ಒಂದು ಗಾಲಿ ಸಡಿಲವಾಗಿ ಕುಲುಕುತ್ತಿತ್ತು. ಮಾವ ತಲೆ ಓರೆ ಮಾಡಿ ಬಾಗಿಲು ದಾಟುವವರೆಗೂ ಅದನ್ನೇ ಕೇಳುತ್ತಿದ್ದರು.