ತೆರೆಯದೆ ಮುಗಿದ ಕೈ

ಇರಕಲ್ಲಗಡದ ಆಶಾ ಕಾರ್ಯಕರ್ತೆ ಹೊಳಿಯಮ್ಮ ಸುಲಭಕ್ಕೆ ಅಂಜುವವಳಲ್ಲ. ಕುಡಿದು ಬಂದ ಗಂಡಂದಿರನ್ನೂ ಸೂಜಿ ಕಂಡು ಅಳುವ ಮಕ್ಕಳನ್ನೂ ಒಂದೇ ದನಿಯಲ್ಲಿ ಗದರಿ ಸುಮ್ಮನಾಗಿಸುವಳು. ಅಂಜುತ್ತಿದ್ದುದು ದೇವರಿಗೆ ಮಾತ್ರ. ಆ ಅಂಜಿಕೆ ಅವಳ ಫೋನಿನೊಳಗೂ ಹೊಕ್ಕು ಕೂತಿತ್ತು.

ಆಶಾದವರ ವಾಟ್ಸಾಪ್ ಗುಂಪಿಗೆ ಬೆಳಗಾದರೆ ಸಾಕು, ಹುಲಿಗೆಮ್ಮ, ಹನುಮಪ್ಪ, ಲಕ್ಷ್ಮಿ ಎಲ್ಲ ದೇವರೂ ಚಿತ್ರವಾಗಿ ಬಂದಿಳಿಯುತ್ತಿದ್ದರು. ಗರ್ಭಿಣಿಯರ ವರದಿಗಳು ಬರುತ್ತಿದ್ದುದೂ ಅಲ್ಲಿಗೇ. ಫೋನು ತುಂಬಿದಾಗ ಹೊಳಿಯಮ್ಮ ಮೊಮ್ಮಗನ ಕುಣಿತದ ವಿಡಿಯೋವನ್ನೂ ಅಳಿಸಿದಳು. ದೇವರನ್ನು ಅಳಿಸಲು ಬೆರಳು ಏಳಲಿಲ್ಲ. ಹೊಸ ಚಿತ್ರಗಳು ತೆರೆಯದೆ ಮಸುಕಾಗಿಯೇ ಉಳಿದವು. ಅವುಗಳ ಕೆಳಗೆ ಉಳಿದವರು ಮುಗಿದ ಕೈಯ ಗುರುತು ಹಾಕಿದರೆ ಇವಳೂ ಒಂದು ಹಾಕುವಳು. ಹತ್ತು ಜನ ಮುಗಿದಲ್ಲಿ ಹನ್ನೊಂದನೆಯ ಕೈಗೇನು ಖರ್ಚು!

ಒಂದು ಮಧ್ಯಾಹ್ನ ಅದೇ ಊರಿನ ಮುದುಕವ್ವ ಗಾಬರಿಯಲ್ಲಿ ಅವಳನ್ನು ಮನೆಗೆ ಕರೆಸಿದಳು. ಎಂಟು ತಿಂಗಳ ಬಸುರಿ ಸೊಸೆ ಮಹೇಶ್ವರಿ ಗೋಡೆಗೆ ಒರಗಿದ್ದಳು. ಸೀರೆ ಕೆಂಪಾಗಿತ್ತು.

"ನೋವಿಲ್ರಿ ಅಕ್ಕಾರ, ಬರೇ ರಕ್ತ ಹೊಂಟೈತಿ," ಎಂದಳು ಹುಡುಗಿ.

"ಇಲ್ಲೇ ಊರ ದವಾಖಾನಿಗೆ ಹೋಗೂನು ತಗೋಬೇ," ಎಂದಳು ಮುದುಕವ್ವ.

ಹೊಳಿಯಮ್ಮನಿಗೆ ಥಟ್ಟನೆ ನೆನಪಾಯಿತು. ಹೋದ ವಾರ ನರ್ಸ್ ಕವಿತಾ ಇದೇ ಹುಡುಗಿಯ ಹೆಸರು ಬರೆದು ಸ್ಕ್ಯಾನಿಂಗ್ ವರದಿ ಹಾಕಿದ್ದಳು. ತೆಗೆದರೆ ಮಸುಕು. ಒತ್ತಿದರೆ ಜಾಗವಿಲ್ಲ ಎಂದಿತು ಫೋನು. ಕೆಳಗೆ ತನ್ನದೇ ಮುಗಿದ ಕೈ! ಅದನ್ನು ನೋಡಿ, ಹೊಳಿಯಮ್ಮ ಮನೆಯವರಿಗೆ ಹೇಳುತ್ತಾಳೆಂದು ಕವಿತಾ ನಿಶ್ಚಿಂತೆಯಿಂದ ಇದ್ದಿರಬೇಕು. ವರದಿಯ ಕಾಗದ ಮಹೇಶ್ವರಿಯ ತವರಿನಲ್ಲಿ ಉಳಿದಿತ್ತು. ಕವಿತಾಳ ಫೋನು ಸ್ವಿಚ್ ಆಫ್ ಆಗಿತ್ತು. "ವರದಿ ಯಾರಾರ ಓದಿ ಹೇಳ್ರಿ," ಎಂದು ಹೊಳಿಯಮ್ಮ ಗುಂಪಿನಲ್ಲಿ ಮೊರೆಯಿಟ್ಟಳು. ಬಂದದ್ದು ಇನ್ನೊಂದು ಮುಗಿದ ಕೈ.

"ತಪ್ಪಾತವ್ವ," ಎಂದು ಗಲ್ಲ ಬಡಿದುಕೊಂಡು ಹನುಮಪ್ಪನನ್ನು ಅಳಿಸಿದಳು, ಆಮೇಲೆ ಲಕ್ಷ್ಮಿಯನ್ನು. ಹುಲಿಗೆಮ್ಮನ ಮೇಲೆ ಬೆರಳು ನಿಂತಿತು.

"ಅಕ್ಕಾರ, ಕಣ್ಣಿಗಿ ಕತ್ತಲಿ ಬರಾಕತ್ತೈತ್ರಿ," ಎಂದಳು ಮಹೇಶ್ವರಿ.

ಹೊಳಿಯಮ್ಮ ಒತ್ತಿಯೇಬಿಟ್ಟಳು. ವರದಿಯ ಚಿತ್ರ ತೆರೆಯಿತು. ಅದರ ಮೇಲೆ ಕವಿತಾ ಕೆಂಪಕ್ಷರದಲ್ಲಿ ಬರೆದಿದ್ದಳು: "ಮಾಸು ಗರ್ಭದ ಬಾಯಿಗೆ ಅಡ್ಡ ಇದೆ. ರಕ್ತ ಕಂಡರೆ ಎಲ್ಲೂ ನಿಲ್ಲದೆ ಕೊಪ್ಪಳದ ದೊಡ್ಡ ಆಸ್ಪತ್ರೆಗೆ."

"ಊರ ದವಾಖಾನಿ ಬ್ಯಾಡ! ಕೊಪ್ಪಳಕ್ಕ ನಡೀರಿ!" ಎಂದು ಕಿರುಚಿದಳು.

ಆಂಬುಲೆನ್ಸಿನಲ್ಲಿ ಹುಡುಗಿಯ ತಣ್ಣಗಾಗುತ್ತಿದ್ದ ಕೈ ತಿಕ್ಕುತ್ತ ಕೂತಳು. ದೇವಿಯನ್ನು ಅಳಿಸಿದ ಶಿಕ್ಷೆ ಇವಳಿಗೆ ತಟ್ಟದಿರಲಿ ಎಂದು ಬೇಡಿಕೊಂಡಳು. ಅಳಿಸಿದ್ದಲ್ಲ, ನೋಡದೆ ಕೈಮುಗಿದದ್ದೇ ನಿನ್ನ ಪಾಪ ಎಂದು ಒಳಗಿನ ಜೀವ ಹೇಳುತ್ತಿತ್ತು. ಅಂಥ ಭಯವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕೊಪ್ಪಳದ ವೈದ್ಯರು ರಕ್ತ ಏರಿಸಿ, ಹೊಟ್ಟೆ ಕೊಯ್ದು, ತಾಯಿ ಮಗು ಇಬ್ಬರನ್ನೂ ಉಳಿಸಿದರು.

ಮರುದಿನ ಕವಿತಾ ಬೇರೊಬ್ಬ ಬಸುರಿಯ ವರದಿ ಹಾಕಿದಳು. ಪಟಪಟನೆ ಕೈಗಳು ಮುಗಿದವು. ಹೊಳಿಯಮ್ಮ ಅದನ್ನು ತೆರೆದು, ಕೊನೆಯ ಅಕ್ಷರದವರೆಗೂ ಓದಿ, ಗುಂಪಿಗೆ ಬರೆದಳು: "ನಾ ಓದೀನ್ರಿ. ಕೈ ಮುಗದೋರು ಯಾರ್ಯಾರು ಓದೀರಿ?"

ವರದಿಯ ಕೆಳಗಿನ ಮುಗಿದ ಕೈಗಳು ಒಂದೊಂದಾಗಿ ಮಾಯವಾಗತೊಡಗಿದವು.